ಕಿತ್ತು ನೋಡದೆ ಸಹಿ ಇಲ್ಲ

ಬೆಳಗಿನ ಐದೂ ಮುಕ್ಕಾಲು. ಲಿಫ್ಟ್ ಇನ್ನೂ ಚಾಲೂ ಆಗಿಲ್ಲ. ಹೆಗಲಿಗೆರಡು ಚೀಲ ಏರಿಸಿಕೊಂಡು ಮೂರನೇ ಮಹಡಿ ಹತ್ತಿ ಬಂದ ಆಕೆ, ಬಾಗಿಲು ತೆರೆದ ಮನೆಯೊಡತಿಗೆ ತಲೆಯಾಡಿಸಿ, ನೇರ ಹಜಾರದ ಕೊನೆಗೆ ಹೋಗಿ ನೆಲದ ಮೇಲೆ ಕೂರುತ್ತಾರೆ. ಎದುರಿಗೆ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಕಪ್ಪು ಪೆಟ್ಟಿಗೆ. ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ಗಾತ್ರ, ಮುಂದುಗಡೆ ಸಾಲಾಗಿ ಹಸಿರು ದೀಪ. ಆಕೆ ದೀಪಗಳ ಕಡೆ ತಿರುಗಿಯೂ ನೋಡುವುದಿಲ್ಲ. ಪೆಟ್ಟಿಗೆಗೆ ಕಿವಿ ಆನಿಸಿ, ಕಣ್ಣು ಮುಚ್ಚಿ, ಒಂದು ನಿಮಿಷ ಆಲಿಸುತ್ತಾರೆ.

“ದೀಪ ಸುಳ್ಳು ಹೇಳತ್ತೆ, ಸದ್ದು ಹೇಳಲ್ಲ. ಅದಕ್ಕೇ ಈ ಹೊತ್ತಿಗೆ ಬರೋದು. ಏಳು ಗಂಟೆ ಆಯ್ತು ಅಂದ್ರೆ ಪಂಪು, ಟೀವಿ, ಸ್ನಾನದ ಮನೆ ಗಲಾಟೆ ಎಲ್ಲ ಶುರು. ಆಮೇಲೆ ಒಳಗಿನ ಡಿಸ್ಕ್ ಕಟಕಟ ಅಂದ್ರೂ ಯಾರಿಗೆ ಕೇಳಿಸತ್ತೆ?”

ಮನೆಯವರ ಫೋನು, ಕಂಪ್ಯೂಟರುಗಳಲ್ಲಿ ಚೆಲ್ಲಾಪಿಲ್ಲಿಯಾಗಿರುವ ಫೋಟೊ, ವಿಡಿಯೊ, ಕಾಗದಪತ್ರಗಳನ್ನೆಲ್ಲ ಒಂದೆಡೆ ಕಾದಿಟ್ಟು, ಯಾವ ಕೋಣೆಯಿಂದ ಕೇಳಿದರೂ ಕೊಡುವ ಪೆಟ್ಟಿಗೆ ಇದು. ಅಂಗಡಿಯವರು ಸ್ಟೋರೇಜ್ ಸರ್ವರ್ ಎನ್ನುತ್ತಾರೆ. ಅದಕ್ಕೆ ಜಾಗ ಗೊತ್ತುಮಾಡಿ, ವೈರ್ ಎಳೆದು, ತುಂಬಿಸಿ, ಮನೆಯವರ ಕೈಗೊಪ್ಪಿಸುವುದು ಐವತ್ನಾಲ್ಕು ವರ್ಷದ ಈ ಹೆಂಗಸಿನ ಕೆಲಸ. ಒಂಬತ್ತು ವರ್ಷದಲ್ಲಿ ಐನೂರ ಹನ್ನೆರಡು ಮನೆ. ಗಿರಾಕಿಗಳು ಪ್ರೀತಿಯಿಂದ ‘ಪೆಟ್ಟಿಗೆಯಮ್ಮ’ ಎನ್ನುತ್ತಾರೆ. ಕೆಲಸಕ್ಕೆ ಕಳಿಸುವ ಅಂಗಡಿಯಲ್ಲಿ, ಬೆನ್ನ ಹಿಂದೆ, ಆಕೆಯ ಹೆಸರು ‘ಜಗಳಗಂಟಿ’. ಎರಡನೆಯದೇ ತನಗೆ ಸರಿಯಾಗಿ ಒಪ್ಪುತ್ತದೆ ಎಂದು ಆಕೆಯೇ ಹೇಳುತ್ತಾರೆ.

ಜಗಳಕ್ಕೆ ಕಾರಣವಿದೆ. ಇದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಆಕೆ ಒಂದು ಫೋಟೊ ಸ್ಟುಡಿಯೊದಲ್ಲಿದ್ದರು. ನೆಗೆಟಿವ್ ಕತ್ತರಿಸಿ, ಕವರಿಗೆ ಹಾಕಿ, ಮೇಲೆ ಹೆಸರು ಬರೆದು ತಗಡಿನ ಟ್ರಂಕಿನಲ್ಲಿಡುವ ಕೆಲಸ. ಕಾಲ ಬದಲಾಯಿತು, ಟ್ರಂಕು ಅಟ್ಟ ಸೇರಿತು, ಮಾಲೀಕ ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ತುಂಬಿಸಿದ. ಹನ್ನೊಂದು ವರ್ಷದ ಮದುವೆಗಳು, ಶಾಲೆಯ ಗುಂಪು ಚಿತ್ರಗಳು, ಹಸುಗೂಸುಗಳು, ಎಲ್ಲ ಒಂದೇ ಡಿಸ್ಕಿನಲ್ಲಿ. ಒಂದು ಸೋಮವಾರ ಅದು ಎರಡು ಸಲ ಟಿಕ್ ಟಿಕ್ ಎಂದು ತಣ್ಣಗಾಯಿತು. ಮಾಲೀಕ ಫೋನ್ ಆಫ್ ಮಾಡಿ ಮನೆ ಸೇರಿಕೊಂಡ. ಕೌಂಟರಿನಲ್ಲಿ ನಿಂತು ಜನರಿಗೆ ಮುಖ ಕೊಟ್ಟವರು ಈಕೆ.

“ಒಬ್ರು ಅವರಪ್ಪನ ಕೊನೇ ಫೋಟೊ ಕೇಳ್ಕೊಂಡು ನಾಲ್ಕು ದಿನ ಬಂದ್ರು. ನಾಲ್ಕು ದಿನಾನೂ ‘ಇಲ್ಲ, ಹೋಯ್ತು’ ಅಂತ ನಾನೇ ಹೇಳಿದ್ದು. ಬೈಗುಳ ಎಲ್ಲ ನನ್ನ ಪಾಲಿಗೆ. ತಪ್ಪು ಮಾಡ್ದೋನು ಮನೇಲಿ ಫ್ಯಾನ್ ಕೆಳಗೆ ಕಾಲು ಚಾಚಿ ಮಲಗಿದ್ದ. ಅವತ್ತು ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ ನೋಡಿ. ಇಳೀಬಾರ್ದು ಕೂಡ.”

ಸ್ಟುಡಿಯೊ ಮುಚ್ಚಿದ ಮೇಲೆ ಕೆಟ್ಟ ಡಿಸ್ಕ್ ಬಿಚ್ಚುವವನೊಬ್ಬನ ಬಳಿ ಎರಡು ವರ್ಷ ಕೂತು ಈ ಕೆಲಸ ಕಲಿತರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ, “ನಮ್ಮನೇಲಿ ತಟ್ಟೆಗಿಂತ ಡಿಸ್ಕೇ ಜಾಸ್ತಿ” ಎಂದು ಇವತ್ತಿಗೂ ರೇಗಿಸುತ್ತಾರೆ. ಹೊಸ ಮನೆಗೆ ಹೋದಾಗ ಆಕೆಗೆ ಸಿಗುವ ಮೊದಲ ಮಾತು ಬಹುಪಾಲು ಒಂದೇ: “ಸಾರ್ ಬರ್ಲಿಲ್ವಾ?” ಯಾವ ಸಾರ್ ಕೂಡ ಬರುವುದಿಲ್ಲ, ಎರಡು ಚೀಲ ಹೊತ್ತು ಬರುವುದು ತಾನೊಬ್ಬಳೇ ಎಂದು ಐನೂರಕ್ಕೂ ಹೆಚ್ಚು ಬಾಗಿಲುಗಳಲ್ಲಿ ಹೇಳಿ ಆಕೆಗೆ ಸಾಕಾಗಿದೆ.

ಸ್ಕ್ರೂಡ್ರೈವರ್ ಹೊರತೆಗೆಯುವ ಮೊದಲು ಆಕೆ ಬಿಳಿ ಹಾಳೆ ಹಂಚುತ್ತಾರೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ಹಾಳೆ. ಏನು ಕಳೆದುಹೋದರೆ ಅಳು ಬರುತ್ತದೆ ಎಂದು ಪ್ರತಿಯೊಬ್ಬರೂ ಬೇರೆ ಬೇರೆ ಕೂತು ಬರೆಯಬೇಕು. ಇದಕ್ಕೆ ಆಕೆ ಇಟ್ಟ ಹೆಸರು ‘ಅಳುವ ಪಟ್ಟಿ’. ಎಷ್ಟು ಜಾಗ ಬೇಕು, ಯಾವುದು ಮೊದಲು ಹೋಗಬೇಕು ಎಂಬುದೆಲ್ಲ ತೀರ್ಮಾನವಾಗುವುದು ಅದರ ಮೇಲೆ. ಈ ಮನೆಯಲ್ಲಿ ಹಾಳೆ ಹಂಚಿದ್ದು ಮೊನ್ನೆ. ಯಜಮಾನರು ಟೈಲ್ಸ್ ವ್ಯಾಪಾರಿ. ಅವರ ಪಟ್ಟಿಯಲ್ಲಿ ಗೋದಾಮಿನ ಕ್ಯಾಮೆರಾ ದಾಖಲೆ, ಮನೆ ಕಟ್ಟಿಸುವಾಗ ಆಕಾಶದಿಂದ ತೆಗೆಸಿದ ವಿಡಿಯೊ, ಜೊತೆಗೆ ಆರುನೂರು ಸಿನಿಮಾ. ಅವರ ತಾಯಿ ಬರೆದದ್ದು: “ನನ್ನ ಮಂಡಿ ಎಕ್ಸ್-ರೇ. ಸಿನಿಮಾ ಬೇಡ.” ಹೆಂಡತಿ ಹಾಳೆಯನ್ನು ಖಾಲಿ ಮಡಚಿ ಕೊಟ್ಟರು.

“ಖಾಲಿ ಹಾಳೆ ನಾನು ತಗೊಳ್ಳಲ್ಲಮ್ಮ,” ಎಂದು ಪೆಟ್ಟಿಗೆಯಮ್ಮ ಅದನ್ನು ಹಿಂದಿರುಗಿಸಿದರು. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೆಂಡತಿ ಬರೆದದ್ದು ಒಂದೇ ಸಾಲು: “ಅಕ್ಕನ ದನಿ. ಹಳೇ ಫೋನಿನಲ್ಲಿದೆ.”

ಅಕ್ಕ ದೂರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು. ಆರು ವರ್ಷ ಕಾಲ, ಡ್ಯೂಟಿ ಮುಗಿಸಿ ಬಂದಾಗಲೆಲ್ಲ ತಂಗಿಗೆ ಮಾತಿನ ಸಂದೇಶ ಕಳಿಸುತ್ತಿದ್ದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಮೂಲೆ ಒಡೆದ ಆ ಹಳೇ ಫೋನಿನಲ್ಲಿ ಸಾವಿರದ ನೂರ ನಲವತ್ತು ಸಂದೇಶಗಳಿವೆ. ಆ ಫೋನನ್ನು ಯಜಮಾನರು ಪೆಟ್ಟಿಗೆ ಮಾರಿದ ಅದೇ ಅಂಗಡಿಯ ಎಕ್ಸ್‌ಚೇಂಜ್ ಸ್ಕೀಮಿಗೆ ಒಪ್ಪಿಸಿಬಿಟ್ಟಿದ್ದಾರೆ. ಕೊರಿಯರ್‌ನವನು ಒಯ್ಯಲು ಬರುವುದು ಇವತ್ತು, ಹತ್ತು ಗಂಟೆಗೆ.

ಮೊದಲ ದಿನ ಜಾಗಕ್ಕೆ ಜಗಳ. ನೀಲಿ ಲೈಟಿರುವ ಗಾಜಿನ ಷೋಕೇಸಿನಲ್ಲಿ ಬಂದವರಿಗೆಲ್ಲ ಕಾಣುವಂತೆ ಇರಲಿ ಎಂಬುದು ಯಜಮಾನರ ಆಸೆ. ಗಾಜಿನೊಳಗೆ ಗಾಳಿಯಾಡದೆ ಡಿಸ್ಕ್ ಬೆಂದುಹೋಗುತ್ತದೆ ಎಂದು ಆಕೆ ಹಟ ಹಿಡಿದು ಹಜಾರದ ಕಪಾಟಿಗೆ ತಂದರು. ಹಿಂಬದಿಗೆ ನಾಲ್ಕು ಬೆರಳು ಜಾಗ ಬಿಟ್ಟರು, ಕರೆಂಟು ಹೋದರೆ ಇಪ್ಪತ್ತು ನಿಮಿಷ ತಡೆಯುವ ಬ್ಯಾಟರಿ ಜೋಡಿಸಿದರು. ಎರಡನೆಯ ದಿನವೆಲ್ಲ ನಕಲು ಮಾಡುವ ಕೆಲಸ. ಇವತ್ತು ಮೂರನೆಯ ದಿನ, ಉಳಿದಿರುವುದು ಒಂದೇ: ಪೆಟ್ಟಿಗೆ ಓಡುತ್ತಿರುವಾಗಲೇ ಒಳಗಿನ ಎರಡು ಡಿಸ್ಕಿನಲ್ಲಿ ಒಂದನ್ನು ಕಿತ್ತು ತೆಗೆಯುವುದು. ಒಂದು ಹೋದರೂ ಇನ್ನೊಂದು ಎಲ್ಲವನ್ನೂ ಕೊಡುತ್ತದೆಯೇ ಎಂದು ಮನೆಯವರ ಕಣ್ಣೆದುರೇ ತೋರಿಸುವುದು. ಅದಾಗದೆ ಆಕೆ ಕೆಲಸ ಮುಗಿದ ಕಾಗದಕ್ಕೆ ಸಹಿ ಹಾಕುವುದಿಲ್ಲ. ಹಳೆಯದನ್ನು ಅಳಿಸಲೂ ಬಿಡುವುದಿಲ್ಲ.

ಆದರೆ ಅಂಗಡಿಯವನು ಹಿಂದಿನ ಸಂಜೆಯೇ ಕಡ್ಡಿ ಮುರಿದಂತೆ ಹೇಳಿದ್ದಾನೆ. ಇನ್ನು ಮೇಲೆ ಒಂದು ಮನೆಗೆ ಒಂದು ಗಂಟೆ. ಪಟ್ಟಿಯೂ ಬೇಡ, ಕೀಳುವುದೂ ಬೇಡ, ಗಿರಾಕಿಗಳು ಹೆದರುತ್ತಾರೆ. ನಾಳೆ ಕಿತ್ತರೆ ನಾಡಿದ್ದಿನಿಂದ ಅಂಗಡಿಯ ಕಡೆ ತಲೆ ಹಾಕಬೇಡಿ. ಈ ತಿಂಗಳಿಂದ ಡಿಸ್ಕ್ ಕೂರಿಸುವುದು, ಒಳಗಿನ ಏರ್ಪಾಡು ಎಲ್ಲ ಅಂಗಡಿಯಲ್ಲೇ ಆಗುತ್ತದೆ. ಪಾಸ್‌ವರ್ಡ್ ಅವರ ಕೈಯಲ್ಲಿ. ಪೆಟ್ಟಿಗೆಯ ಮೇಲೆ ‘ಪರೀಕ್ಷಿಸಲಾಗಿದೆ, ಎರಡು ಪಟ್ಟು ಭದ್ರ’ ಎಂಬ ಬಂಗಾರ ಬಣ್ಣದ ಸ್ಟಿಕರ್. ಒಂಬತ್ತು ವರ್ಷ ಕೈ ಮಸಿ ಮಾಡಿಕೊಂಡು ದುಡಿದವಳಿಗೆ ಕೊನೆಗೆ ಉಳಿದದ್ದು ವೈರ್ ಚುಚ್ಚಿ ಮನೆಗೆ ಹೋಗುವ ಕೆಲಸ. ಸಿಟ್ಟು ಬರದೆ ಇನ್ನೇನು ಬರಬೇಕು?

ಆರೂವರೆಗೆ ಯಜಮಾನರು ಟವೆಲ್ ಹೆಗಲಿಗೆ ಹಾಕಿಕೊಂಡು ಬರುತ್ತಾರೆ. “ಎಲ್ಲ ಕಾಪಿ ಆಯ್ತಲ್ಲ, ಲೈಟೂ ಹಸಿರಿದೆ. ಸಹಿ ಹಾಕಿ ಹೊರಡಿ,” ಎಂದವರೇ ಹೆಂಡತಿಯ ಕಡೆ ತಿರುಗುತ್ತಾರೆ. “ಆ ಫೋನ್ ಪೂರ್ತಿ ಅಳಿಸಿ ಇಡು. ಆಮೇಲೆ ಅಡುಗೆ ಕೆಲಸದಲ್ಲಿ ಮರೀತೀಯ.”

ಹೆಂಡತಿ ಫೋನ್ ಹಿಡಿದು ನಿಂತಿದ್ದಾರೆ. ಪರದೆಯ ಮೇಲೆ ‘ಎಲ್ಲವನ್ನೂ ಅಳಿಸಬೇಕೆ?’ ಎಂಬ ಪ್ರಶ್ನೆ. ಹೆಬ್ಬೆರಳು ಅದರ ಮೇಲೇ ಇದೆ.

“ಫೋನ್ ಇಲ್ಲಿ ಕೊಡಿ.” ಪೆಟ್ಟಿಗೆಯಮ್ಮ ಎದ್ದವರೇ ಅದನ್ನು ಕೈಯಿಂದ ತೆಗೆದುಕೊಂಡು ತಮ್ಮ ಚೀಲಕ್ಕೆ ಹಾಕಿ ಜಿಪ್ ಎಳೆಯುತ್ತಾರೆ. “ಕಿತ್ತು ನೋಡೋ ತನಕ ಇದು ನನ್ನ ಹತ್ರ ಇರತ್ತೆ.”

“ಏನ್ರೀ ಇದು ದೌರ್ಜನ್ಯ? ಅಂಗಡಿಯವರೇ ಕೀಳೋದು ಬೇಡ ಅಂದಿದ್ದಾರೆ!”

“ಅಂಗಡಿಯವರಿಗೆ ಅಕ್ಕ ಸತ್ತಿಲ್ಲ.”

ಪೆಟ್ಟಿಗೆಯಮ್ಮ ಟೀವಿಯಲ್ಲಿ ಮನೆ ಕಟ್ಟಿಸಿದ ವಿಡಿಯೊ ಹಾಕಿಸುತ್ತಾರೆ, ಪೆಟ್ಟಿಗೆಯಿಂದಲೇ ಬರುವಂತೆ. ತಾರಸಿಗೆ ಕಾಂಕ್ರೀಟ್ ಬೀಳುತ್ತಿರುತ್ತದೆ. ಆಕೆ ಎರಡನೆಯ ಡಿಸ್ಕಿನ ಹಿಡಿಗೆ ಬೆರಳು ಹಾಕಿ ಒಂದೇ ಎಳೆತಕ್ಕೆ ಹೊರಗೆ ಎಳೆಯುತ್ತಾರೆ.

ಕಾಂಕ್ರೀಟ್ ಗಾಳಿಯಲ್ಲೇ ನಿಲ್ಲುತ್ತದೆ. ಪೆಟ್ಟಿಗೆ ಕೀಂ ಎಂದು ಕೂಗತೊಡಗುತ್ತದೆ. ಹಸಿರು ದೀಪಗಳೆಲ್ಲ ಕೆಂಪು. ಟೀವಿ ಕಪ್ಪಾಗಿ, ‘ಏನೂ ಸಿಗುತ್ತಿಲ್ಲ’ ಎಂದು ತೋರಿಸುತ್ತದೆ.

“ಚೆನ್ನಾಗಿದ್ದದ್ದನ್ನ ಹಾಳು ಮಾಡಿದ್ರಲ್ರೀ!” ಯಜಮಾನರ ಕೂಗಿಗೆ ಒಳಗಿಂದ ತಾಯಿಯೂ ಎದ್ದು ಬರುತ್ತಾರೆ.

ಪೆಟ್ಟಿಗೆಯಮ್ಮ ಕೈಯಲ್ಲಿದ್ದ ಡಿಸ್ಕನ್ನು ತಿರುಗಿಸಿ ಅದರ ಮೇಲಿನ ಸಣ್ಣ ಅಕ್ಷರ ಓದುತ್ತಾರೆ. ಮುಖ ಕೆಂಪಾಗುತ್ತದೆ. ಚೀಲದಿಂದ ಉಳಿದೊಂದು ಬಿಳಿ ಹಾಳೆ ತೆಗೆದು ಯಜಮಾನರ ಎದುರೇ ಉದ್ದಕ್ಕೆ ಸರ್ರನೆ ಹರಿಯುತ್ತಾರೆ. “ನೋಡಿ. ಒಂದು ಕಾಗದ ಇದ್ರೆ ಅದನ್ನ ಎರಡು ಸಲ ಬರೆದು ಎರಡು ಕಡೆ ಇಡ್ಬೇಕಿತ್ತು. ಇವರು ಹೀಗೆ ಹರಿದು ಅರ್ಧ ಇದ್ರಲ್ಲಿ, ಅರ್ಧ ಅದ್ರಲ್ಲಿ ಇಟ್ಟಿದ್ದಾರೆ. ಯಾಕೆ ಗೊತ್ತಾ? ಜಾಗ ಎರಡರಷ್ಟು ಅಂತ ತೋರ್ಸೋಕೆ. ಒಂದು ಡಿಸ್ಕ್ ಕೆಟ್ರೆ ಎರಡೂ ಕಸ. ನಾನು ಹಾಳು ಮಾಡಿಲ್ಲ ಸ್ವಾಮಿ, ಹಾಳಾಗಿದ್ದನ್ನ ತೋರಿಸ್ದೆ.”

ಆಮೇಲೆ ದನಿ ತಗ್ಗುತ್ತದೆ. ಈ ಭಾಗವನ್ನು ಆಕೆ ಯಾರೂ ಕೇಳದೆಯೇ ಹೇಳುತ್ತಾರೆ. “ನಂದೂ ತಪ್ಪಿದೆ. ಪೆಟ್ಟಿಗೆ ಮೇಲೆ ಎಂಟು ಟೆರಾಬೈಟ್ ಜಾಗ ಅಂತ ಇತ್ತು. ಒಂದೊಂದು ಡಿಸ್ಕೂ ಎಂಟರದ್ದು ಅಂದ್ಕೊಂಡೆ. ನಾಲ್ಕು ನಾಲ್ಕರದ್ದು. ಸ್ಟಿಕರ್ ನೋಡಿ ನಂಬಿಬಿಟ್ಟೆ, ನನ್ನಂಥೋಳು. ಮೊದಲ್ನೇ ದಿನಾನೇ ಎಳೆದು ನೋಡ್ಬೇಕಿತ್ತು. ನನ್ನನ್ನೇ ನಾನು ಪೂರ್ತಿ ನಂಬಲ್ಲ, ಅದಕ್ಕೇ ಕೀಳೋದು.”

ಫೋನ್ ಸ್ಪೀಕರಿಗೆ ಹಾಕಿ ಅಂಗಡಿಯವನನ್ನು ನಿದ್ದೆಯಿಂದ ಎಬ್ಬಿಸುತ್ತಾರೆ. ಅತ್ತ ಕಡೆಯಿಂದ ಮೊದಲು ಆಕಳಿಕೆ ಬರುತ್ತದೆ, ಆಮೇಲೆ ಬೈಗುಳ, ಆಮೇಲೆ ಸಮಾಧಾನದ ಮಾತು. “ಅಷ್ಟಕ್ಕೆಲ್ಲ ಯಾಕೆ ರಾದ್ಧಾಂತ? ಹೊಸ ಡಿಸ್ಕು, ಐದು ವರ್ಷ ಏನೂ ಆಗಲ್ಲ. ಈ ತಿಂಗಳಲ್ಲೇ ಬೇರೆ ಹುಡುಗರ ಕೈಲಿ ಇನ್ನೂ ಮೂವತ್ತೊಂದು ಮನೆಗೆ ಹೀಗೇ ಹಾಕಿಸಿದ್ದೀವಿ. ಒಬ್ಬರಾದ್ರೂ ಕಂಪ್ಲೇಂಟ್ ಮಾಡಿದಾರಾ?”

“ಕೆಟ್ಟ ಮೇಲೆ ಮಾಡ್ತಾರೆ. ಆಗ ನೀವು ಫೋನ್ ಆಫ್ ಮಾಡ್ಕೊಂಡು ಮನೇಲಿರ್ತೀರ.”

“ನಾಳೆಯಿಂದ ಬರಬೇಡಿ,” ಎಂದು ಅಂಗಡಿಯವನು ಫೋನ್ ಇಡುತ್ತಾನೆ. ಒಂಬತ್ತು ವರ್ಷದ ನಂಟು ಅಲ್ಲಿಗೆ ಮುಗಿಯುತ್ತದೆ, ಗಡಿಯಾರದಲ್ಲಿ ಇನ್ನೂ ಏಳೂ ಹೊಡೆದಿಲ್ಲ.

ಯಜಮಾನರು ಕಪ್ಪು ಟೀವಿಯ ಕಡೆ ರಿಮೋಟು ಒತ್ತಿ ಒತ್ತಿ ನೋಡುತ್ತಾರೆ. ಕೊನೆಗೆ ಮಾತಾಡುವುದು ಹೆಂಡತಿ, ಮೂರು ದಿನದಲ್ಲಿ ಮೊದಲ ಸಲ ದನಿಯೆತ್ತಿ: “ಆ ಫೋನ್ ಎಲ್ಲಿಗೂ ಹೋಗಲ್ಲ. ಕೊರಿಯರ್‌ನವನಿಗೆ ನಾನೇ ಹೇಳ್ತೀನಿ.” ಪೆಟ್ಟಿಗೆಯಮ್ಮ ಚೀಲದ ಜಿಪ್ ತೆಗೆದು ಫೋನನ್ನು ಅವರ ಕೈಗೆ ಕೊಡುತ್ತಾರೆ.

ಪೆಟ್ಟಿಗೆಯ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಅಂಗಡಿಯ ಏರ್ಪಾಡನ್ನೆಲ್ಲ ಅಳಿಸುತ್ತಾರೆ. ಹೊಸ ಪಾಸ್‌ವರ್ಡ್ ಹೆಂಡತಿಯ ಕೈಯಲ್ಲೇ ಬರೆಸುತ್ತಾರೆ. ಫೋನು, ಕಂಪ್ಯೂಟರುಗಳಿಂದ ಮತ್ತೆ ತುಂಬಿಸಿ ಎಲ್ಲವೂ ಎರಡೆರಡು ಪ್ರತಿಯಾದ ಮೇಲೆ ಜಾಗ ಅರ್ಧಕ್ಕಿಳಿದು, ಇನ್ನೂರ ಎಂಬತ್ತು ಸಿನಿಮಾಗಳಿಗೆ ಸ್ಥಳವಿಲ್ಲದಾಗುತ್ತದೆ. ಯಜಮಾನರು ಪೆನ್ನು ಹಿಡಿದು ಒಂದೊಂದೇ ಹೊಡೆದುಹಾಕುತ್ತ ಕೂರುತ್ತಾರೆ. ಪಕ್ಕದಲ್ಲಿ ಅವರ ತಾಯಿ, “ಅದೂ ತೆಗಿ, ಮೂರು ಸಲ ನೋಡಿ ಮೂರು ಸಲಾನೂ ಮಲ್ಕೊಂಡಿದ್ದೀಯ,” ಎಂದು ಉಸ್ತುವಾರಿ ಮಾಡುತ್ತಾರೆ. ದನಿಯ ಸಂದೇಶಗಳ ಮೂರನೆಯ ಪ್ರತಿ ಪುಟ್ಟ ಡಿಸ್ಕಿನಲ್ಲಿ ಹೆಂಡತಿಯ ತವರಿಗೆ ಹೋಗಲಿದೆ. ಒಂದೇ ಸೂರಿನಡಿ ಎಲ್ಲವನ್ನೂ ಇಡಬಾರದು, ಸೂರಿಗೇ ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂಬುದು ಪೆಟ್ಟಿಗೆಯಮ್ಮನ ಇನ್ನೊಂದು ಹಟ.

ಮರುದಿನ ಮತ್ತೆ ಐದೂ ಮುಕ್ಕಾಲು. ಈ ಸಲ ಕೀಳುವವರು ಮನೆಯೊಡತಿ. ಹಿಡಿಗೆ ಬೆರಳು ಹಾಕಿ ಮೆಲ್ಲಗೆ ಜಗ್ಗುತ್ತಾರೆ. “ಜೋರಾಗಿ ಎಳೀರಿ, ಅದಕ್ಕೇನೂ ನೋವಾಗಲ್ಲ,” ಎನ್ನುತ್ತಾರೆ ಪೆಟ್ಟಿಗೆಯಮ್ಮ. ಡಿಸ್ಕ್ ಹೊರಬರುತ್ತದೆ, ಪೆಟ್ಟಿಗೆ ಕೂಗುತ್ತದೆ, ಒಂದು ದೀಪ ಕೆಂಪಾಗುತ್ತದೆ. ಆ ಕೂಗಿನ ನಡುವೆಯೇ ಟೀವಿಯಿಂದ ಏದುಸಿರಿನ ದನಿಯೊಂದು ಎಡವದೆ ಮುಂದುವರಿಯುತ್ತದೆ: “ಏ, ಎದ್ದಿದ್ದೀಯೇನೇ? ಲಿಫ್ಟ್ ಕೆಟ್ಟಿದೆ ಕಣೇ, ಐದು ಮಹಡಿ ಹತ್ತಿ ಬಂದೆ. ಚಪ್ಪಲಿ ಬಿಚ್ಚೋಕೂ ತ್ರಾಣ ಇಲ್ಲ. ನಿನ್ನ ಗಂಡ ಇನ್ನೂ ಗೊರಕೆ ಹೊಡೀತಿದಾನಾ?” ಆಮೇಲೆ ನಗು. ಗಂಡ ನೆಲ ನೋಡುತ್ತಾರೆ. ತಂಗಿ ಡಿಸ್ಕನ್ನು ಎದೆಗೊತ್ತಿಕೊಂಡು ಅಳುತ್ತಾ ನಗುತ್ತಾರೆ. ಪೆಟ್ಟಿಗೆಯಮ್ಮ ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕುತ್ತಾರೆ.

ಮೆಟ್ಟಿಲಿಳಿಯುವಾಗ ಆಕೆಯ ಸಿಟ್ಟು ಮತ್ತೆ ಏರುತ್ತದೆ. ಉಳಿದ ಮನೆಗಳ ವಿಳಾಸ ಕೊಡಿ, ಕೂಲಿ ಬೇಡ, ನಾನೇ ಹೋಗಿ ಸರಿಮಾಡುತ್ತೇನೆ ಎಂದು ಅಂಗಡಿಗೆ ಎರಡು ಸಲ ಫೋನ್ ಮಾಡಿದ್ದಾರೆ. ಎರಡು ಸಲವೂ ಅತ್ತ ಕಡೆ ಕರೆ ತುಂಡಾಗಿದೆ. ಮುಂದೆ ಕೆಲಸಕ್ಕೆ ಏನು ಮಾಡುತ್ತೀರಿ ಎಂದರೆ, “ಅದು ಹೇಗೋ ಆಗತ್ತೆ ಬಿಡಿ,” ಎಂದು ಕೈ ಕೊಡವುತ್ತಾರೆ. ನಮ್ಮ ಪತ್ರಿಕೆಯ ಪುರವಣಿಗೆ ಒಂದು ಫೋಟೊ ಬೇಕಿತ್ತು ಎಂದರೆ ಮಾತ್ರ ಮೆಟ್ಟಿಲ ಮೇಲೆಯೇ ನಿಂತುಬಿಡುತ್ತಾರೆ.

“ನನ್ನ ಮುಖ ಯಾರಿಗೆ ಬೇಕು? ಆ ಜಾಗ ನನಗೆ ಕೊಡಿ. ಅಲ್ಲಿ ದೊಡ್ಡಕ್ಷರದಲ್ಲಿ ಬರೀರಿ, ಹಳೇ ಫೋನು ಅಳಿಸೋಕೆ ಮುಂಚೆ ಒಂದು ಡಿಸ್ಕ್ ಕಿತ್ತು ನೋಡಿ ಅಂತ. ಮೂವತ್ತೊಂದು ಮನೇಲಿ ಹಸಿರು ದೀಪ ಉರೀತಾ ಇದೆ. ಅವರಲ್ಲಿ ಯಾರಾದ್ರೂ ನಿಮ್ಮ ಪೇಪರ್ ಓದ್ತಾರಲ್ವಾ?”