ಕೊಳೆತದ್ದೇ ಬೇಕೆನ್ನುವ ಮೇಡಂ

ಬೆಳೆಗಳ ರೋಗ ಸಂಶೋಧಿಸುವ ನಮ್ಮ ‘ರೋಗದ ಮೇಡಂ’ ಎಂದರೆ ತರಕಾರಿಯವಳಿಗೆ ಪಂಚಪ್ರಾಣ. ಎಲ್ಲರೂ ಬಿಸಾಡಿದ್ದನ್ನೇ ಆರಿಸಿ ಕೊಳ್ಳುವ ಗಿರಾಕಿ ಇನ್ನೆಲ್ಲಿ ಸಿಗಬೇಕು? “ಅಕ್ಕಾ, ಬದನೆಕಾಯಿ ಚೆನ್ನಾಗಿ ಕೊಳೆತಿದೆ, ನಿಮಗೇಂತ ಎತ್ತಿಟ್ಟಿದ್ದೀನಿ” ಎಂದರೆ ಸಾಕು, ಮೇಡಂ ಮುಖ ಮೊರದಗಲವಾಗುತ್ತದೆ: “ಆಹಾ, ಎಷ್ಟು ಮುದ್ದಾದ ಚುಕ್ಕೆ!” ಮನೆಯಲ್ಲಿ ಫ್ರಿಜ್ ತೆರೆದ ಗಂಡ ಕೂಗುತ್ತಾರೆ: “ಲೇ, ತಿನ್ನೋದು ಯಾವುದು, ನಿನ್ನ ಲ್ಯಾಬಿಂದು ಯಾವುದು?” ಆದರೆ ರೋಗ ಹತ್ತಿದ ಬಾಳೆತೋಟವನ್ನು ಪೂರ್ತಿ ಕಡಿಯಲೇಬೇಕಾಗಿ ಬಂದರೆ, ಆ ಮಾತು ಹೇಳಲು ಮೇಡಂ ಕಿರಿಯರನ್ನು ಕಳಿಸುವುದಿಲ್ಲ, ತಾವೇ ಹೋಗುತ್ತಾರೆ. “ಗಿಡಹೇನು ತಂದ ರೋಗ ಅಣ್ಣಾ, ನಿಮ್ಮ ತಪ್ಪಲ್ಲ” ಎನ್ನುತ್ತಾ ಕೊನೆಯ ಗಿಡ ಉರುಳುವವರೆಗೂ ತೋಟದವರ ಜೊತೆ ಬದುವಿನ ಮೇಲೆ ಕೂತಿರುತ್ತಾರೆ. ಮುಂದೆ ಹೊಸ ಬಾಳೆಕಂದು ನೆಡುವ ದಿನ, ಯಾರೂ ಕರೆಯದಿದ್ದರೂ, ತೋಳೇರಿಸಿಕೊಂಡು ಎಲ್ಲರಿಗಿಂತ ಮೊದಲು ಗುಂಡಿಗೆ ಇಳಿದಿರುತ್ತಾರೆ.