ಕಬ್ಬಿಣ ನನ್ನದು, ಹಿಡಿಕೆ ಸರಕಾರದ್ದು

1934ರಲ್ಲಿ ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ಅಪ್ಪನ ಜೊತೆ ಅಡವಿಯ ಕೂಲಿಗೆ ಇನ್ನೊಬ್ಬರು ಬೇಕಿತ್ತು, ಹೋದೆ. ಕೆಲಸದಲ್ಲಿ ನನ್ನನ್ನು ಹಿಂದೆ ಹಾಕಿದವರನ್ನು ಇನ್ನೂ ನೋಡಿಲ್ಲ.

ಐದು ವರ್ಷದ ಮೇಲೆ, ನಮ್ಮ ಸಿದ್ದಿ ಮಂದಿಯಂಥವರಿಗೆ ಸರಕಾರದ ಖರ್ಚಿನಲ್ಲಿ ಬಡಗಿ ಕೆಲಸ ಕಲಿಸುತ್ತಾರೆಂದು ಸುದ್ದಿ ಬಂತು. ಹಳಿಯಾಳದಲ್ಲಿ ಒಬ್ಬ ಮುಸಲ್ಮಾನ ಮಿಸ್ತ್ರಿಯವರ ಕೈಕೆಳಗೆ ಒಂದು ವರ್ಷ ಕಲಿತೆ. ಪಾಸಾದಾಗ ಒಂದು ಇಂಗ್ಲಿಷ್ ಕಾಗದ, ಗರಗಸ, ಉಳಿಯಂಥ ಹತ್ಯಾರ ತುಂಬಿದ ಒಂದು ಚೀಲ ಕೊಟ್ಟರು. ಪ್ರತಿ ಕಬ್ಬಿಣದ ಮೇಲೂ ಸರಕಾರದ ಗುರುತು ಒತ್ತಿತ್ತು. ಹಿಡಿಕೆಗಳು ಮಾತ್ರ ನನ್ನ ಅಂಗೈಗೆ ಸಾಲದ ಪುಳ್ಳೆಗಳು. ಊರಿಗೆ ಬಂದವನೇ ಅವನ್ನು ಕಿತ್ತು, ದಿಂಡಿಗ ಮರದ ಹಿಡಿಕೆ ಕೆತ್ತಿ ಹಾಕಿಕೊಂಡೆ.

ನಮ್ಮ ಕಡೆ ಸರಕಾರದ ಗುರುತು ಇರುವುದು ಕಡಿದ ದಿಮ್ಮಿಗಳ ಮೇಲೆ. ಗುರುತಿನ ದಿಮ್ಮಿ ಯಾರ ಮನೆಯಲ್ಲಿ ಸಿಕ್ಕರೂ ಅವನು ಕಳ್ಳ. ಹೀಗಾಗಿ ಮನೆಗೆ ಬಂದ ಅಡವಿಯ ಗಾರ್ಡು ನನ್ನ ಉಳಿಯನ್ನು ತಿರುಗಿಸಿ ನೋಡಿದವನೇ ಹುಬ್ಬೇರಿಸಿದ.

"ಎಲ್ಲಿಂದ ಎತ್ತಿದ್ಯೋ ಇದನ್ನ?"

"ಸರಕಾರನ ಕೊಟ್ಟೈತ್ರೀ, ಸಾಹೇಬ್ರ."

"ಸರಕಾರ ನಿನ್ನ ಸ್ವಾದರಮಾವ ಏನ್ಲೇ, ಕರದು ಕೊಡಾಕ?"

ಕಾಗದ ತಂದು ತೋರಿಸಿದೆ. ಇಂಗ್ಲಿಷು ಅವನಿಗೂ ಬರದು, ನನಗೂ ಬರದು. ಇಬ್ಬರೂ ಬಗ್ಗಿ ಅದನ್ನೇ ನೋಡಿದೆವು. "ಇದು ನೋಟೀಸ್ ಇದ್ದಂಗ ಐತಿ" ಎಂದು ಅದನ್ನೂ ಚೀಲವನ್ನೂ ಒಯ್ದ.

ಒಂದು ಮನೆಗೆ ಬಾಗಿಲು ಮಾಡಿಕೊಡಲು ಒಪ್ಪಿಕೊಂಡಿದ್ದೆ, ನನ್ನ ಮೊದಲ ಕೆಲಸ. ಹಲಗೆ ಅವರೇ ತಂದಿಟ್ಟಿದ್ದರು. ಹತ್ಯಾರ ಹೋದರೆ ಮತ್ತೆ ಕೂಲಿಯೇ ಗತಿ. ಮರುದಿನ ಗಾರ್ಡಿನ ಮೇಲಿನ ಸಾಹೇಬರ ಮುಂದೆ ನಿಂತೆ. ಅವರು ಕಾಗದ ಓದಿದರು.

"ನೀ ಪಾಸಾಗಿದ್ದು ಖರೆ. ಈ ಹತ್ಯಾರ ನಿನ್ನವ ಅಂತ ಹೆಂಗ ನಂಬೂದು?"

"ಹಿಡಿಕಿ ನೋಡ್ರಿ. ನನ್ನ ಕೈ ಅಳತಿಗೆ ನಾನ ಕೆತ್ತೇನಿ. ಬ್ಯಾರೇ ಯಾರ ಕೈಗೂ ಕೂಡೂದಿಲ್ಲ."

ಸಾಹೇಬರು ಹಿಡಿದು ನೋಡಿದರು, ಅವರ ಕೈಗೆ ಹೊಂದಲಿಲ್ಲ. ನಕ್ಕರು. "ಭಾರೀ ಮಾಡೀದಿ. ಯಾವ ಮರ?"

"ದಿಂಡಿಗರೀ."

"ಎಲ್ಲಿದು?"

"ಅಡವ್ಯಾಗಿಂದ್ರೀ" ಎಂದೆ, ಅದೇ ಹೆಮ್ಮೆಯಲ್ಲಿ. ಪಕ್ಕದಲ್ಲೇ ನಿಂತಿದ್ದ ಗಾರ್ಡಿನ ಮುಖ ಅರಳಿತು.

ಸಾಹೇಬರು ಚೀಲವನ್ನು ನನ್ನ ಕಡೆ ಸರಿಸಿದರು. "ಕಬ್ಬಿಣ ನಿಂದು, ತಗೊಂಡು ಹೋಗು. ಅಡವಿ ಮರ ಅಂದ್ರ ಹಿಡಿಕಿ ಸರಕಾರದ್ದು, ಬಿಚ್ಚಿ ಇಡು."

ಅಲ್ಲೇ ಕೂತು ಒಂದೊಂದನ್ನೂ ಬಡಿದು ಬಿಚ್ಚಿದೆ. ದಾರಿಯುದ್ದಕ್ಕೂ ಯೋಚಿಸಿದೆ, ಬಗೆಹರಿಯಲಿಲ್ಲ. ಸರಕಾರದ ಗುರುತಿದ್ದದ್ದು ನನ್ನದು. ಗುರುತಿಲ್ಲದ, ನನ್ನ ಬೆವರು ಕುಡಿದದ್ದು ಸರಕಾರದ್ದು. ಕೊಟ್ಟದ್ದೊಂದು ಸರಕಾರ, ಕಿತ್ತುಕೊಂಡದ್ದು ಇನ್ನೊಂದೋ? ಹಳಿಯಾಳಕ್ಕೆ ಹೋಗಿ ಮಿಸ್ತ್ರಿಯವರನ್ನೇ ಕೇಳಿದೆ.

"ನಾ ಯಾವ ಸರಕಾರದ ನೌಕರ ಅಂತ ನನಗೂ ತಿಳೀವಲ್ದು, ಬೇಟಾ. ಮೊದಲ ಆ ಬಾಗಲಾ ಮುಗಸು."

ನೆರೆಮನೆಯವರನ್ನು ಕೇಳಿ, ಅವರ ಹಿತ್ತಲ ಹುಣಸೆಯ ಕೊಂಬೆಯಿಂದ ಬೇರೆ ಹಿಡಿಕೆ ಮಾಡಿದೆ. ಬಾಗಿಲು ಹೇಳಿದ್ದಕ್ಕಿಂತ ಆರು ದಿನ ತಡವಾಗಿ ನಿಂತಿತು.

ಈಗ ನನ್ನ ಹತ್ತಿರ ಎರಡು ಗರಗಸ, ಐದು ಉಳಿ, ಒಂದು ಬಾಚಿ, ಒಂದು ಸುತ್ತಿಗೆ ಇವೆ. ಒಟ್ಟು ಒಂಬತ್ತು. ಹಿಡಿಕೆ ಎಲ್ಲಿಯದೆಂದು ಯಾರು ಕೇಳಿದರೂ, ನೆರೆಮನೆಯ ಹಿತ್ತಲದ್ದು.