ಮಾದನ್ ಮಾವನ ಸಿಮ್

ಮಲಯಾಳ ಸೀಮೆಯ ಮುತ್ತಂಗದ ಕಾಡಿನೊಳಗಿನ ಆ ಬುಡಕಟ್ಟು ಹಾಡಿಯಲ್ಲಿ ಹತ್ತನೆಯ ತರಗತಿ ದಾಟಿದವಳು ಸಜಿತ ಒಬ್ಬಳೇ. ಹೊಸ ಫೋನ್ ಕಂಪನಿಯವರು ಅವಳನ್ನೇ ಹುಡುಕಿಕೊಂಡು ಬಂದದ್ದು ಸುಮ್ಮನೆ ಅಲ್ಲ. ಹೊರಗಿನವರು ಬಂದು ಹೆಬ್ಬೆಟ್ಟು ಕೇಳಿದರೆ ಹಾಡಿಯವರು ಮೆಲ್ಲಗೆ ಕಾಡಿಗೆ ಜಾರಿಕೊಳ್ಳುತ್ತಾರೆ. ತಮ್ಮ ಮನೆಯ ಹುಡುಗಿ ಕೇಳಿದರೆ ಕೈ ಚಾಚುತ್ತಾರೆ. ಕಂಪನಿಯವರೇನು ದಡ್ಡರೇ?

ಅವಳಿಗೆ ಕಂಪನಿಯ ಹೆಸರಿದ್ದ ಟೀ ಶರ್ಟು, ಬೆರಳೊತ್ತುವ ಯಂತ್ರ, ಜೊತೆಗೊಂದು ಮಾತು ಸಿಕ್ಕಿತು: ಹಳೆಯ ಕಂಪನಿಯನ್ನು ಬಿಟ್ಟು ಹಾಡಿ ಪೂರ್ತಿ ಇತ್ತ ಬಂದರೆ ಕೆಲಸ ಖಾಯಂ. ಕಾಫಿ ಕೊಯ್ಲಿನ ಕೂಲಿಯಿಂದ ತಪ್ಪಿಸಿಕೊಳ್ಳಲು ಸಜಿತಳಿಗೆ ಇದ್ದ ದಾರಿ ಅದೊಂದೇ. ಮೂರು ತಿಂಗಳು ಎಲ್ಲ ಪುಕ್ಕಟೆ ಎಂದಾಗ ಮೊದಲು ಗಂಡಸರು ಬಂದರು, ಆಮೇಲೆ ಹೆಂಗಸರು. ಹೊಸ ಸಿಮ್‌ಗೆ ರೇಂಜ್ ಇದ್ದದ್ದು ಮೂರು ಕಿಲೋಮೀಟರ್ ಆಚೆಯ ಹೆದ್ದಾರಿಯ ಹತ್ತಿರ ಮಾತ್ರ. ಅಲ್ಲಿ ಕೂತು ಪುಕ್ಕಟೆ ಸಿನಿಮಾ ನೋಡುವವರಿಗೆ ಅದೇನೂ ದೂರವೆನಿಸಲಿಲ್ಲ. ಹಾಡಿಗೂ ಟವರ್ ಬರುತ್ತದೆ ಎಂದು ಕಂಪನಿಯ ಮೇಲ್ವಿಚಾರಕ ಶಿಬು ಹೇಳಿದ್ದ.

ಉಳಿದವನು ಮಾದನ್ ಒಬ್ಬ, ಅವಳ ಸೋದರಮಾವ. ಅವನ ಹಳೇ ಫೋನು ಹಲಸಿನ ಕೊಂಬೆಗೆ ಕಟ್ಟಿದ ಬಿದಿರು ಬುಟ್ಟಿಯಲ್ಲಿರುತ್ತಿತ್ತು. ಹಾಡಿಯೊಳಗೆ ಹಳೇ ಕಂಪನಿಯ ರೇಂಜ್ ಸಿಗುತ್ತಿದ್ದ ಜಾಗ ಅದೊಂದೇ. ಹೆರಿಗೆಗೆ ಜೀಪು ಬೇಕೆಂದರೂ, ಆನೆ ನುಗ್ಗಿದೆಯೆಂದು ಫಾರೆಸ್ಟಿನವರಿಗೆ ಹೇಳಬೇಕೆಂದರೂ ಈಗ ಎಲ್ಲರೂ ಆ ಬುಟ್ಟಿಯ ಬುಡಕ್ಕೇ ಓಡುತ್ತಿದ್ದರು. ಸಜಿತಳಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದೂ ಅವನ ಹೆಬ್ಬೆಟ್ಟು ಕೇಳಿದಳು.

"ಬ್ಯಾಡ ಮೋಳೇ, ಇದೊಂದು ಇರ್ಲಿ," ಎಂದ ಮಾದನ್, ಸ್ವಂತ ಮಗಳನ್ನು ಕರೆಯುವ ಹಾಗೆ.

"ಟವರ್ ಬತ್ತದೆ ಮಾವ. ನೀನೊಬ್ಬ ಬಂದ್ರೆ ನಂಗೆ ಕೆಲ್ಸ ಆಯ್ತದೆ."

ಜೇನು, ಬಿದಿರು, ಕಾಫಿ ಎಂದು ದುಡಿದು ಸವೆದ ಅವನ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಸೋಪು ಹಾಕಿ ತೊಳೆದು, ಎಣ್ಣೆ ತಿಕ್ಕಿ, ಒಂಬತ್ತನೆಯ ಸಲಕ್ಕೆ ಒಪ್ಪಿಸಿದಳು. ಅವನು ಬೆರಳು ಕೊಟ್ಟದ್ದು ಅವಳಿಗಾಗಿ, ಬೇರೆ ಯಾವ ಆಸೆಗೂ ಅಲ್ಲ. ಅವನ ನಂಬರು ಹೊಸ ಕಂಪನಿಗೆ ಹೋಯಿತು, ಹಳೇ ಸಿಮ್ ನಿಂತುಹೋಯಿತು.

ಅದಾದ ಹದಿನಾರನೆಯ ದಿನ ಮಧ್ಯಾಹ್ನ ಸೌದೆ ಎತ್ತುವಾಗ ಮಾದನ್‌ಗೆ ಹಾವು ಕಚ್ಚಿತು. ಅವನ ಹೆಂಡತಿ ಕಾರ್ತು ಬುಟ್ಟಿಯಿಂದ ಫೋನು ತೆಗೆದು ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ಹೊಸ ಸಿಮ್ಮಿನ ಫೋನು ಉಸಿರೆತ್ತಲಿಲ್ಲ. ಸಜಿತ ಎದ್ದು ಬಿದ್ದು ಹೆದ್ದಾರಿಗೆ ಓಡಿ ಅಲ್ಲಿಂದ ಕರೆ ಮಾಡಿದಳು. ಜೀಪು ಹಾಡಿ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು. ಮಾವ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟ.

ಮಣ್ಣು ಮಾಡಿದ ಮೂರನೆಯ ದಿನ ಸಜಿತ ಹಳೇ ಕಂಪನಿಯ ಅಂಗಡಿಗೆ ಹೋಗಿ ಒಂದು ಸಿಮ್ ಕೇಳಿದಳು. ಹಾಡಿಯ ಕಡೆ ಒಬ್ಬ ಗಿರಾಕಿಯೂ ಉಳಿದಿಲ್ಲವೆಂದು ಗುಡ್ಡದ ಟವರನ್ನೇ ನಿಲ್ಲಿಸಿದ್ದಾರೆ, ಸಿಮ್ ಕೊಂಡು ಏನು ಮಾಡುತ್ತೀ ಎಂದರು ಅಲ್ಲಿ. ಅಲ್ಲಿಂದ ಶಿಬುವಿನ ಹತ್ತಿರ ಹೋದಳು. ಅವನು ಮಲಯಾಳದಲ್ಲಿ ನಯವಾಗಿಯೇ ಹೇಳಿದ: ನಲವತ್ತೊಂದು ಸಿಮ್ಮಿಗಾಗಿ ಯಾರೂ ಟವರ್ ಹಾಕುವುದಿಲ್ಲ. ಆಮೇಲೆ ಕೆಲಸ ಖಾಯಂ ಆದ ಕಾಗದವನ್ನು ಅವಳ ಕೈಗಿಟ್ಟ. ಅವಳು ಅದನ್ನು ಮಡಿಸಿ ಚೀಲಕ್ಕಿಟ್ಟುಕೊಂಡಳು, ಅದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಹಾಡಿಗೆ ಬಂದಾಗ ಕಾರ್ತು ಒಲೆಯ ಮುಂದಿದ್ದಳು. ಗಂಡ ಸತ್ತ ದಿನದಿಂದ ಅವಳು ಸಜಿತಳಿಗೆ ಒಂದು ಮಾತೂ ಬೈದಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅತ್ತೇ, ನಲ್ವತ್ತೊಂದು ಜನಕ್ಕೆ ಟವರ್ ಹಾಕಕ್ಕಿಲ್ವಂತೆ."

ಕಾರ್ತು ಗಂಜಿ ಕಲಕುವುದನ್ನು ನಿಲ್ಲಿಸಲಿಲ್ಲ.

"ನಲ್ವತ್ತು, ಮೋಳೇ," ಎಂದಳು.